ಕ್ಲೈಂಟ್ ಕಷ್ಟವೋ, ಕೆಲಸವೇ ಅಸಾಧ್ಯವೋ?

ಇಲ್ಲಿ ಅಮೆರಿಕದಲ್ಲಿ ನಮ್ಮ ದೇವಸ್ಥಾನಕ್ಕೆ ಬರುವ ಕನ್ನಡ ಕುಟುಂಬಗಳಲ್ಲಿ ಸಾಫ್ಟ್‌ವೇರ್ ಕೆಲಸದವರು ಒಬ್ಬರೂ ಇಲ್ಲದ ಮನೆ ಹುಡುಕುವುದು ಸ್ವಲ್ಪ ಕಷ್ಟವೇ. ಹಾಗಾಗಿ ಪ್ರಸಾದದ ಸಾಲಿನಲ್ಲಿ ನಿಂತಾಗಲೂ ಕಿವಿಗೆ ಬೀಳುವ ಮಾತೊಂದಿದೆ: "ಈ ಕ್ಲೈಂಟ್ ಜೊತೆ ಇನ್ನು ಏಗಲು ಆಗುವುದಿಲ್ಲ, ಪ್ರಾಜೆಕ್ಟ್ ಬಿಟ್ಟುಬಿಡೋಣ ಅನ್ನಿಸುತ್ತಿದೆ." ಇದಕ್ಕೆ ನಮ್ಮವರು ಕೊಡುವ ಉತ್ತರ ಎರಡೇ. "ಎಲ್ಲ ಕಡೆ ಹೀಗೇ ಕಣ್ರೀ, ಸಹಿಸಿಕೊಳ್ಳಿ" ಎಂಬುದು ಒಂದು. "ಬಿಟ್ಟು ಬನ್ನಿ, ನಿಮ್ಮಂಥವರಿಗೆ ಕೆಲಸಕ್ಕೇನು ಬರವೇ" ಎಂಬುದು ಇನ್ನೊಂದು. ಎರಡೂ ಪ್ರೀತಿಯಿಂದ ಹೇಳಿದ ಮಾತುಗಳೇ, ಆದರೆ ಎರಡರಲ್ಲೂ ಲೆಕ್ಕವಿಲ್ಲ. ಆ ಲೆಕ್ಕವನ್ನು ಹೇಗೆ ಹಾಕಬಹುದು ಎಂದು ಈ ಸಂಚಿಕೆಯಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಒಂದು ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ಕ್ಲೈಂಟ್ ಕಷ್ಟದವನಾಗಿರುವುದು ಬೇರೆ, ಕೆಲಸವೇ ಮುಗಿಯಲಾರದ್ದಾಗಿರುವುದು ಬೇರೆ. ಮೀಟಿಂಗಿನಲ್ಲಿ ಕೂಗಾಡುವುದು, ನಮ್ಮ ಉಚ್ಚಾರಣೆಯನ್ನು ಆಡಿಕೊಳ್ಳುವುದು, ರಾತ್ರಿ ಹತ್ತಕ್ಕೆ ಫೋನ್ ಮಾಡುವುದು ಇವೆಲ್ಲ ಮನಸ್ಸಿಗೆ ನೋವು ಕೊಡುತ್ತವೆ, ಸುಳ್ಳಲ್ಲ. ಆದರೆ ಇವುಗಳಿಂದ ಪ್ರಾಜೆಕ್ಟ್ ಮುಳುಗುವುದು ಕಡಿಮೆ. ಮುಳುಗುವುದು ಬೇರೆ ಕಾರಣಗಳಿಗೆ: ಏನು ಬೇಕು ಎಂದು ನಿರ್ಧರಿಸುವ ಅಧಿಕಾರ ಯಾರಿಗೂ ಇಲ್ಲದಿರುವುದು, ಒಪ್ಪಿದ ಕೆಲಸ ವಾರವಾರವೂ ಬದಲಾಗುವುದು, ಮಾಡಿದ ಕೆಲಸಕ್ಕೆ ಸಹಿ ಬೀಳದಿರುವುದು, ಇನ್‌ವಾಯ್ಸ್ ತಿಂಗಳುಗಟ್ಟಲೆ ಮೇಜಿನ ಮೇಲೆ ಕೊಳೆಯುವುದು. ಇನ್ನೊಂದು ಕಡೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯೂ ನಮ್ಮಲ್ಲೇ ಇದೆ. ತಂಡಕ್ಕೆ ಆ ತಂತ್ರಜ್ಞಾನ ಬರದಿದ್ದರೆ ಕ್ಲೈಂಟನ್ನು ದೂರಿ ಪ್ರಯೋಜನವಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಐದು ಜನರ ತಂಡ ಒಂದು ಉಗ್ರಾಣ ನಿರ್ವಹಣೆಯ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ನಿಗದಿತ ಮೊತ್ತದ ಕಾಂಟ್ರಾಕ್ಟ್. ಎಂಟನೇ ತಿಂಗಳ ಹೊತ್ತಿಗೆ ಎಲ್ಲರ ಬಾಯಲ್ಲೂ "ಬಿಡೋಣ" ಎಂಬ ಮಾತೇ. ಕ್ಲೈಂಟ್ ಕಡೆಯ ಮ್ಯಾನೇಜರ್ ಒಬ್ಬರು ಪ್ರತಿ ಮಂಗಳವಾರದ ಕಾಲ್‌ನಲ್ಲಿ ಧ್ವನಿ ಏರಿಸದೆ ಮಾತನಾಡಿದವರೇ ಅಲ್ಲ. ನಾವು ಕೋಪದಲ್ಲಿ ಏನೂ ತೀರ್ಮಾನಿಸುವುದು ಬೇಡವೆಂದು ಒಂದು ಸಾಮಾನ್ಯ ಎಕ್ಸೆಲ್ ಹಾಳೆ ಮಾಡಿಕೊಂಡೆವು. ಯಾವ ಪ್ರಶ್ನೆ ಕೇಳಿದೆವು, ಯಾರನ್ನು ಕೇಳಿದೆವು, ಉತ್ತರ ಯಾವಾಗ ಬಂತು, ಆಮೇಲೆ ಆ ಉತ್ತರ ಬದಲಾಯಿತೇ ಎಂದು ನಾಲ್ಕೇ ಕಾಲಂ. ಆರು ವಾರ ತುಂಬಿದೆವು.

ಹಾಳೆ ಹೇಳಿದ್ದು ನಾವು ಅಂದುಕೊಂಡದ್ದಕ್ಕೆ ಸರಿಯಾಗಿ ವಿರುದ್ಧ! ಕೂಗಾಡುವ ಮ್ಯಾನೇಜರ್ ಬಹುತೇಕ ಅದೇ ದಿನ ಉತ್ತರ ಕೊಟ್ಟಿದ್ದರು, ಕೊಟ್ಟ ಮಾತು ಬದಲಿಸಿರಲಿಲ್ಲ. ನಗುನಗುತ್ತಾ "ನೋ ಪ್ರಾಬ್ಲಮ್" ಎನ್ನುತ್ತಿದ್ದ ಎರಡು ವಿಭಾಗಗಳ ಮುಖ್ಯಸ್ಥರು ಸರಕು ಹಿಂತಿರುಗಿಸುವ ವ್ಯವಹಾರದ ಬಗ್ಗೆ ಪರಸ್ಪರ ವಿರುದ್ಧ ನಿಯಮ ಹೇಳಿದ್ದರು, ಇಬ್ಬರ ನಡುವೆ ತೀರ್ಪು ಹೇಳುವವರು ಆ ಕಂಪನಿಯಲ್ಲಿ ಯಾರೂ ಇರಲಿಲ್ಲ. ಪಾಪ, ಆ ಮ್ಯಾನೇಜರ್ ಕೂಗುತ್ತಿದ್ದದ್ದೂ ಅದೇ ಸಂಕಟಕ್ಕೆ. ಬಿಡುವ ಯೋಚನೆ ಇರುವ ಯಾರಿಗೇ ಆಗಲಿ, ಇಂಥ ಒಂದು ಹಾಳೆಯನ್ನು ತಿಂಗಳಾದರೂ ಬರೆದು ನೋಡಿ ಎಂದು ನಾವು ಹೇಳುತ್ತೇವೆ. ನಮ್ಮ ನೆನಪಿನಲ್ಲಿ ಉಳಿಯುವುದು ದೊಡ್ಡ ಧ್ವನಿ, ಪ್ರಾಜೆಕ್ಟನ್ನು ಕೊಲ್ಲುವುದು ಮೌನ.

ಎರಡನೆಯ ತೊಡಕು, "ಇಷ್ಟು ದಿನ ಕಷ್ಟಪಟ್ಟಿದ್ದೇವೆ, ಈಗ ಬಿಡುವುದೇ?" ಎಂಬ ಯೋಚನೆ. ಮನಃಶಾಸ್ತ್ರಜ್ಞರಾದ ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸ್ವಾರಸ್ಯಕರ ಪ್ರಯೋಗವಿದೆ. ಒಹಾಯೊ ವಿಶ್ವವಿದ್ಯಾಲಯದ ನಾಟಕಗಳಿಗೆ ಇಡೀ ಋತುವಿನ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ಯಾವ ನಿರೀಕ್ಷೆಯೂ ಇಲ್ಲದೆ ರಿಯಾಯಿತಿ. ನಾಟಕ ಅದೇ, ಕುರ್ಚಿ ಅದೇ. ಆದರೂ ಋತುವಿನ ಮೊದಲರ್ಧದಲ್ಲಿ ಪೂರ್ತಿ ಹಣ ಕೊಟ್ಟವರೇ ಹೆಚ್ಚು ನಾಟಕ ನೋಡಿದರು! ಕೊಟ್ಟ ಹಣ ಹೇಗೂ ಹಿಂದಿರುಗುವುದಿಲ್ಲ, ಆದರೂ ಅದು ನಮ್ಮನ್ನು ಎಳೆಯುತ್ತದೆ. ಪ್ರಾಜೆಕ್ಟಿನಲ್ಲೂ ಹಾಗೆಯೇ. ಕಳೆದ ಎಂಟು ತಿಂಗಳು ಲೆಕ್ಕಕ್ಕೆ ಬರಬಾರದು, ಮುಂದಿನ ಎಂಟು ತಿಂಗಳು ಮಾತ್ರ ಬರಬೇಕು. ಇಂದು ಹೊಸದಾಗಿ ಈ ಕೆಲಸ ನಮ್ಮ ಮುಂದೆ ಬಂದಿದ್ದರೆ ಇದೇ ದುಡ್ಡಿಗೆ, ಇದೇ ಜನರ ಜೊತೆ ಒಪ್ಪುತ್ತಿದ್ದೆವೇ? ಇದನ್ನು ಕೇಳಿಕೊಂಡರೆ ಸಾಕು.

ಇನ್ನಷ್ಟು ಜನರನ್ನು ಹಾಕಿ ಮುಗಿಸೋಣ ಎಂಬ ಉಪಾಯ ಮ್ಯಾನೇಜರುಗಳಿಂದ ತಪ್ಪದೆ ಬರುತ್ತದೆ. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಕಟ್ಟಿಸಿದ ಫ್ರೆಡ್ ಬ್ರೂಕ್ಸ್ ಅವರು 1975ರ ತಮ್ಮ ಪುಸ್ತಕದಲ್ಲೇ, ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು ಬರೆದಿಟ್ಟಿದ್ದಾರೆ. ಹೊಸಬರಿಗೆ ಕಲಿಸುವ ಕೆಲಸವೂ ಹಳಬರ ತಲೆಗೇ ತಾನೆ?

ಈಗ ದೊಡ್ಡವರ ಕಥೆಯೊಂದನ್ನು ನೋಡೋಣ. ಒಂದೇ ಕ್ಲೈಂಟ್, ಮೂರು ಕಂಪನಿಗಳು, ಮೂರು ಬಗೆಯ ನಿರ್ಧಾರ ಇರುವುದರಿಂದ ಇದು ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ತರುವ ಭಾರೀ ಯೋಜನೆಯನ್ನು ಅಲ್ಲಿನ ಸರ್ಕಾರ 2002ರಲ್ಲಿ ಆರಂಭಿಸಿತು. ದೇಶವನ್ನು ಐದು ಪ್ರದೇಶಗಳಾಗಿ ಹಂಚಿ ದೊಡ್ಡ ಕಂಪನಿಗಳಿಗೆ ಕಾಂಟ್ರಾಕ್ಟ್ ಕೊಡಲಾಯಿತು. ಷರತ್ತು ಬಿಗಿ: ವ್ಯವಸ್ಥೆ ಆಸ್ಪತ್ರೆಯಲ್ಲಿ ಕೆಲಸ ಮಾಡತೊಡಗಿದ ಮೇಲೆಯೇ ಹಣ. ಆದರೆ ಮುಖ್ಯ ಸಾಫ್ಟ್‌ವೇರ್ ಮತ್ತೊಂದು ಕಂಪನಿಯಿಂದ ಬರಬೇಕಿತ್ತು, ಅದು ಹೇಳಿದ ಸಮಯಕ್ಕೆ ಬರಲಿಲ್ಲ.

ಎರಡು ಪ್ರದೇಶಗಳನ್ನು ವಹಿಸಿಕೊಂಡಿದ್ದ ಆಕ್ಸೆಂಚರ್ ಕಂಪನಿ 2006ರ ಮೊದಲ ತಿಂಗಳುಗಳಲ್ಲೇ ಮುಂದೆ ಬರಬಹುದಾದ ನಷ್ಟಕ್ಕೆಂದು 45 ಕೋಟಿ ಡಾಲರ್ ತೆಗೆದಿರಿಸಿತು. ಅಂದರೆ ಲೆಕ್ಕ ಹಾಕಿ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾತುಕತೆ ನಡೆಸಿ ಹೊರಬಂದಿತು. ಪಡೆದಿದ್ದ ಹಣದಲ್ಲಿ 6.3 ಕೋಟಿ ಪೌಂಡ್ ಹಿಂದಿರುಗಿಸಿ, ಮಾಡಿದ ಕೆಲಸಕ್ಕೆಂದು 11 ಕೋಟಿ ಪೌಂಡ್ ಇಟ್ಟುಕೊಂಡಿತು, ಕೆಲಸವನ್ನು ಸಿಎಸ್‌ಸಿ ಎಂಬ ಕಂಪನಿಗೆ ಕ್ರಮವಾಗಿ ಒಪ್ಪಿಸಿತು. ದಕ್ಷಿಣ ಪ್ರದೇಶದ ಫುಜಿತ್ಸು ಇನ್ನೂ ಎರಡು ವರ್ಷ ಎಳೆಯಿತು. 2008ರ ಮೇ ತಿಂಗಳಲ್ಲಿ ಮಾತುಕತೆ ಮುರಿದು ಕಾಂಟ್ರಾಕ್ಟ್ ರದ್ದಾಯಿತು, ಆಮೇಲೆ ವರ್ಷಗಟ್ಟಲೆ ಕಾನೂನಿನ ಜಗಳ. ಕೊನೆಯವರೆಗೂ ಉಳಿದ, ಬೇರೆಯವರು ಬಿಟ್ಟದ್ದನ್ನೂ ಹೊತ್ತುಕೊಂಡ ಸಿಎಸ್‌ಸಿ? 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಯೋಜನೆಯನ್ನೇ ಬಿಚ್ಚಿಹಾಕುವುದಾಗಿ ಘೋಷಿಸಿದ ನಂತರ ಅದು ಸುಮಾರು 150 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಆಕ್ಸೆಂಚರ್ ಹೊರಟಾಗ ಅದನ್ನು ಹೇಡಿತನ ಎಂದವರಿದ್ದಿರಬಹುದು. ಆದರೆ ಒಪ್ಪಿಸಲು ಏನಾದರೂ ಕೈಯಲ್ಲಿರುವಾಗ, ಮಾತನಾಡುವಷ್ಟು ಸಂಬಂಧ ಉಳಿದಿರುವಾಗ ಅದು ಹೊರಟಿತು ಎಂಬುದನ್ನು ಗಮನಿಸಬೇಕು.

ಇಷ್ಟು ಕಂಪನಿಗಳ ಮಾತಾಯಿತು. ಅವುಗಳಿಗೆ ವೀಸಾ ಇಲ್ಲ, ನಮಗಿದೆ! ಹೀಗಾಗಿ ನಮ್ಮ ಲೆಕ್ಕದಲ್ಲಿ ಇನ್ನೊಂದು ಕಾಲಂ ಬೇಕು. ಮೊದಲನೆಯದಾಗಿ, ಪ್ರಾಜೆಕ್ಟ್ ಬಿಡುವುದೂ ಕೆಲಸ ಬಿಡುವುದೂ ಒಂದೇ ಅಲ್ಲ. (ಊರಿಗೆ ಫೋನ್ ಮಾಡಿ "ಪ್ರಾಜೆಕ್ಟ್ ಬಿಡ್ತಿದ್ದೀನಿ" ಎಂದರೆ ಅಮ್ಮನಿಗೆ "ಕೆಲಸ ಬಿಟ್ಟ" ಎಂದೇ ಕೇಳಿಸುತ್ತದೆ, ಅದು ಬೇರೆ ವಿಷಯ.) ಎಚ್-1ಬಿ ಮೇಲಿರುವವರಿಗೆ ಪ್ರಾಜೆಕ್ಟ್ ಇಲ್ಲವೆಂದು ಸಂಬಳ ಕೊಡದೆ ಬೆಂಚಿನ ಮೇಲೆ ಕೂರಿಸುವಂತಿಲ್ಲ ಎಂಬ ಕಾನೂನು 1998ರಿಂದಲೂ ಇದೆ. ಎಷ್ಟೋ ಜನ ಇದು ತಿಳಿಯದೆ ಬೆಂಚಿಗೆ ಹೆದರಿ ಕೆಟ್ಟ ಪ್ರಾಜೆಕ್ಟಿನಲ್ಲೇ ಉಳಿಯುತ್ತಾರೆ. ಆದರೆ ಬೆಂಚಿಗೆ ಬಂದವರನ್ನು ಕಂಪನಿ ಕೆಲಸದಿಂದಲೇ ತೆಗೆಯಬಹುದು ಎಂಬುದೂ ನಿಜ, ಅದನ್ನು ಮರೆಯಬಾರದು. ಹೊಸ ಪ್ರಾಜೆಕ್ಟ್ ಬೇರೆ ಮಹಾನಗರ ಪ್ರದೇಶದಲ್ಲಿದ್ದರೆ, 2015ರ ಒಂದು ತೀರ್ಪಿನ ಪ್ರಕಾರ, ಸಾಮಾನ್ಯವಾಗಿ ಅಲ್ಲಿಗೆ ಹೋಗುವ ಮೊದಲೇ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು. "ಮೊದಲು ಹೋಗಿ, ಆಮೇಲೆ ಹಾಕೋಣ" ಎಂದರೆ ಒಪ್ಪಬೇಡಿ.

ಕೆಲಸವನ್ನೇ ಬಿಡುವುದಾದರೆ 2017ರಿಂದ ಇರುವ ನಿಯಮದಂತೆ ಗರಿಷ್ಠ 60 ದಿನಗಳ ಅವಕಾಶವಿದೆ. ಐ-94ರ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೇ. ಹೆಂಡತಿ ಅಥವಾ ಗಂಡ, ಮಕ್ಕಳ ಎಚ್-4 ಕೂಡ ಅದೇ ಗಡಿಯಾರಕ್ಕೆ ಕಟ್ಟಿಹಾಕಿದ್ದು. ಹೊಸ ಕಂಪನಿ ಅರ್ಜಿ ಸಲ್ಲಿಸಿದ ಮೇಲೆ, ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸ ಆರಂಭಿಸುವ ಸೌಲಭ್ಯ 2000ದ ಕಾಯ್ದೆಯಿಂದ ಬಂದದ್ದು. ಇನ್ನು ಗ್ರೀನ್ ಕಾರ್ಡ್ ಸಾಲಿನಲ್ಲಿರುವವರು ನೋಡಬೇಕಾದ ಸಂಖ್ಯೆ 180. ಐ-140 ಮಂಜೂರಾಗಿ 180 ದಿನ ಕಳೆದಿದ್ದರೆ, ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಆ ಕಾರಣಕ್ಕೆ ಅದು ರದ್ದಾಗುವುದಿಲ್ಲ, ಆರು ವರ್ಷ ದಾಟಿದ ಎಚ್-1ಬಿ ವಿಸ್ತರಣೆಗೆ ಆಧಾರವಾಗಿ ಉಳಿಯುತ್ತದೆ. ನಿಮ್ಮ ನಿಮ್ಮ ಕಾಗದಪತ್ರಗಳನ್ನು ವಕೀಲರೊಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಆ ವಕೀಲರು ಕಂಪನಿಯವರಾಗಿರದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ತಂಡದಲ್ಲಿ ಈ 180ರ ಲೆಕ್ಕವೇ ಕೊನೆಗೆ ತಾರೀಕು ನಿರ್ಧರಿಸಿತು. ಹಾಳೆ ನೋಡಿದ ಮೇಲೆ ಬಿಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ. ಆದರೆ ಸಹೋದ್ಯೋಗಿ ಒಬ್ಬರ ಐ-140 ಮಂಜೂರಾಗಿ ನಾಲ್ಕು ತಿಂಗಳಷ್ಟೇ ಆಗಿತ್ತು. ಅವರ ಹೆಂಡತಿ ಅದರ ಆಧಾರದ ಮೇಲೆಯೇ ಎಚ್-4ರಲ್ಲಿ ಕೆಲಸದ ಪರವಾನಗಿ ಪಡೆದು ಒಂದು ಲ್ಯಾಬ್‌ನಲ್ಲಿ ದುಡಿಯುತ್ತಿದ್ದರು, ಹೊಸ ಮನೆಯ ಸಾಲದ ಕಂತು ಇಬ್ಬರ ಸಂಬಳವನ್ನೂ ನಂಬಿತ್ತು. ನಮ್ಮದು ಸಣ್ಣ ಕಂಪನಿ. ಈ ಕಾಂಟ್ರಾಕ್ಟ್ ಹೋದರೆ ಯಾರನ್ನಾದರೂ ಕೈಬಿಡಬೇಕಾಗಬಹುದು ಎಂದು ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರು. ಅತ್ತ ದರಿ, ಇತ್ತ ಪುಲಿ. ನಾಲ್ವರಿಗೆ ನಾಳೆಯೇ ಬಿಡುವುದು ಸುಲಭ, ಐದನೆಯವರ ಸಂಸಾರ ತೂಗುಯ್ಯಾಲೆಯಲ್ಲಿ.

ಕಾಂಟ್ರಾಕ್ಟನ್ನು ಮತ್ತೆ ಓದಿದೆವು. (ಸಹಿ ಹಾಕಿದ ದಿನದ ನಂತರ ಯಾರೂ ಓದದ ಕಾಗದ ಅದು!) ಕೆಲಸ ಹಂತಗಳಾಗಿ ಭಾಗವಾಗಿತ್ತು, ಯಾವ ಹಂತದ ಕೊನೆಗಾದರೂ 30 ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದಿತ್ತು. ಸರಕು ಒಳಬರುವಾಗ ಬಾರ್‌ಕೋಡ್ ಓದುವ ಹಂತ ಬಹುಪಾಲು ಮುಗಿದಿತ್ತು. ಅದರ ನಿರ್ಧಾರಗಳೆಲ್ಲ ಕೂಗಾಡುವ ಮ್ಯಾನೇಜರ್ ಕೈಯಲ್ಲೇ ಇದ್ದವು. ಅದನ್ನು ಹತ್ತು ವಾರಗಳಲ್ಲಿ ಮುಗಿಸಿ ಸಹಿ ಪಡೆಯುವುದು, ಜಗಳದ ಮೂಲವಾದ ಸರಕು ವಾಪಸಾತಿಯ ಹಂತಕ್ಕೆ ಕೈ ಹಾಕದೆ ಇರುವುದು ಎಂದು ತೀರ್ಮಾನಿಸಿದೆವು. ಹತ್ತು ವಾರದಲ್ಲಿ 180 ದಿನವೂ ದಾಟುತ್ತಿತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ಈ ಲೆಕ್ಕ, ಕಾಯುವಿಕೆ ಎಲ್ಲವೂ ಕೆಲಸ ಪ್ರಾಮಾಣಿಕವಾಗಿರುವವರೆಗೆ ಮಾತ್ರ. ದುಡಿಯದ ಗಂಟೆಗೆ ಬಿಲ್ ಹಾಕಿ ಎನ್ನುವ, ಭದ್ರತೆಯ ದೋಷವನ್ನು ಗ್ರಾಹಕರಿಂದ ಮುಚ್ಚಿಡಿ ಎನ್ನುವ, ಇಲ್ಲದ ಅನುಭವವನ್ನು ರೆಸ್ಯೂಮೆಯಲ್ಲಿ ಬರೆಯಿರಿ ಎನ್ನುವ ಕಡೆ ಹತ್ತು ವಾರ ಕಾಯುವ ಪ್ರಶ್ನೆಯಿಲ್ಲ. ಅಂದೇ ಬರಹದಲ್ಲಿ ನಿರಾಕರಿಸಿ ವಕೀಲರ ಬಳಿ ಹೋಗಬೇಕು. ಇವುಗಳಿಗೆ ಸಹಿ ಹಾಕಿದವರ ವೀಸಾವನ್ನು 180 ದಿನವೂ ಕಾಪಾಡದು.

ನೋಟಿಸ್ ಪತ್ರ ಒಂದೇ ಪುಟ. ಅದರಲ್ಲಿ ದೂರು ಇರಲಿಲ್ಲ. ಮುಗಿಸಿದ ಹಂತ, ಕೈ ಹಾಕದ ಹಂತ, ಉತ್ತರ ಬಾರದ ಹದಿಮೂರು ಪ್ರಶ್ನೆಗಳ ಪಟ್ಟಿ, ಕೊನೆಯ ದಿನ ಇಷ್ಟೇ. ಸೋರ್ಸ್ ಕೋಡ್, ಪಾಸ್‌ವರ್ಡುಗಳ ಹಸ್ತಾಂತರ, ಬೆಳಗ್ಗೆ ಸರ್ವರ್ ನಿಂತರೆ ಏನು ಮಾಡಬೇಕೆಂಬ ಟಿಪ್ಪಣಿ ಇವಕ್ಕೆ ಎರಡು ವಾರ ಮೀಸಲಿಟ್ಟೆವು. ಆ ಎರಡು ವಾರದ ಹಣ ಸಿಗುವುದೋ ಇಲ್ಲವೋ ಎಂಬ ಅನುಮಾನವಿತ್ತು. ಸಹೋದ್ಯೋಗಿಗೆ ಮೂರು ವಾರದೊಳಗೆ ಅದೇ ಊರಿನಲ್ಲಿ, ಅದೇ ಕಂಪನಿಯಿಂದ ಬೇರೆ ಪ್ರಾಜೆಕ್ಟ್ ಸಿಕ್ಕಿತು, ಅರ್ಜಿ ಬದಲಿಸುವ ಅಗತ್ಯವೇ ಬರಲಿಲ್ಲ. ಕೊನೆಯ ಇನ್‌ವಾಯ್ಸಿನ ಹಣ ಏಳು ವಾರಗಳ ನಂತರ ಪೂರ್ತಿಯಾಗಿ ಬಂತು. ಅಕೌಂಟ್ಸ್ ವಿಭಾಗದ ಬೆನ್ನು ಬಿದ್ದು ಅದನ್ನು ಪಾಸು ಮಾಡಿಸಿದವರು ಆ ಮಂಗಳವಾರದ ಮ್ಯಾನೇಜರೇ ಎಂದು ಆಮೇಲೆ ತಿಳಿಯಿತು.