ಪಾಳು ಊರು, ಮರಳು ದಿಬ್ಬ: ಜೈಸಲ್ಮೇರಿನ ಒಂದು ದಿನದ ಪಾಠಗಳು

ಕನ್ನಡದ ಪ್ರವಾಸಿಗರನ್ನು ಜೈಸಲ್ಮೇರಿಗೆ ಕರೆದೊಯ್ಯುವುದು ನನ್ನ ಕಸುಬು. ಕೋಟೆ, ಹವೇಲಿ ಮುಗಿಸಿದ ಮರುದಿನ ಊರಾಚೆ ಹೋಗುತ್ತೇವಲ್ಲ, ಆ ದಿನದ ಬಗ್ಗೆ ಹೇಳಬೇಕಾದದ್ದಿದೆ.

1. ಪಾಳು ಊರು ಬೆಳಿಗ್ಗೆ, ಮರಳು ಸಂಜೆ. ಪಟ್ಟಣದಿಂದ ಪಾಳು ಊರು ಕುಲಧರಾ ಸುಮಾರು 18 ಕಿ.ಮೀ., ಸಮ್ ದಿಬ್ಬಗಳು ಸುಮಾರು 40 ಕಿ.ಮೀ. ಹತ್ತಿರವೇ ಎಂದು ಊಟ ಮಾಡಿ ಹೊರಟರೆ ಕುಲಧರಾದಲ್ಲಿ ಫೋಟೊ ತೆಗೆದುಕೊಳ್ಳುವಷ್ಟೇ ಹೊತ್ತು ಸಿಗುತ್ತದೆ. ತಿಂಡಿ ಮುಗಿದ ಕೂಡಲೇ ಹೊರಡಿ.

2. ಕುಲಧರಾದಲ್ಲಿ ದೆವ್ವವಿದೆ ಎಂಬ ಕಥೆಗೆ ನಿಂತುಬಿಡಬೇಡಿ. ಪಾಲೀವಾಲ ಬ್ರಾಹ್ಮಣರ ಈ ಊರು 19ನೇ ಶತಮಾನದ ಆರಂಭದ ಹೊತ್ತಿಗೆ ಬರಿದಾಯಿತು. ಜೈಸಲ್ಮೇರಿನ ದಿವಾನ ಸಾಲಿಮ್ ಸಿಂಗ್ ಊರ ಹುಡುಗಿಯ ಮೇಲೆ ಕಣ್ಣು ಹಾಕಿದ, 84 ಹಳ್ಳಿಗಳ ಜನ ಶಾಪ ಹಾಕಿ ಒಂದೇ ರಾತ್ರಿ ಹೊರಟುಹೋದರು ಎಂಬುದು ಐತಿಹ್ಯ. ತೆರಿಗೆಯ ಕಾಟ, ಬತ್ತಿದ ಬಾವಿ, ಭೂಕಂಪ ಎಂದು ಬಲ್ಲವರು ಬೇರೆ ಕಾರಣಗಳನ್ನೂ ಮುಂದಿಡುತ್ತಾರೆ. ಪಾಲೀವಾಲರು ಯಾಕೆ ಹೋದರು ಎನ್ನುವುದಕ್ಕಿಂತ ಇಲ್ಲಿ ಹೇಗೆ ಬಾಳಿದರು ಎನ್ನುವುದೇ ನನಗೆ ದೊಡ್ಡ ವಿಷಯ. ಸೂರಿಲ್ಲದ ಮನೆಗಳ ನಡುವೆ ನಿಂತು ನೋಡಿ: ನೇರವಾದ ಬೀದಿಗಳು, ಒಪ್ಪವಾಗಿ ಕಡಿದ ಹಳದಿ ಕಲ್ಲು. ಈ ನಾಡಿನಲ್ಲಿ ವರ್ಷವಿಡೀ ಬೀಳುವ ಮಳೆ 20 ಸೆಂ.ಮೀ. ಆಸುಪಾಸು. ಅಷ್ಟರಲ್ಲೇ ಅವರು ಗೋಧಿ, ಕಡಲೆ ಬೆಳೆದರು. ಕಲ್ಲುನೆಲದ ಮೇಲೆ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಒಡ್ಡು ಕಟ್ಟಿ ನಿಲ್ಲಿಸುವುದು, ನೀರು ಇಂಗಿದ ಮೇಲೆ ಆ ಹಸಿನೆಲಕ್ಕೇ ಹಿಂಗಾರಿ ಬೀಜ ಹಾಕುವುದು. ಇದಕ್ಕೆ ಖಡೀನ್ ಎನ್ನುತ್ತಾರೆ. ಈಗಲೂ ಈ ಸೀಮೆಯಲ್ಲಿ ಖಡೀನ್ ಬೇಸಾಯ ನಡೆಯುತ್ತದೆ. ದಾರಿಯಲ್ಲಿ ಒಂದಾದರೂ ಕಂಡರೆ ಗಾಡಿ ನಿಲ್ಲಿಸಲು ಹೇಳಿ. ನಮ್ಮ ಬಯಲುಸೀಮೆಯ ರೈತರು ಬಂದಾಗ ಒಡ್ಡಿನ ಮೇಲೆ ನಿಂತು ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ. ಪ್ರವಾಸದಲ್ಲಿ ನನಗೆ ತುಂಬ ಇಷ್ಟವಾದ ಹೊತ್ತು ಅದು.

3. ಪಾಳುಮನೆಗಳ ಗೋಡೆ ಹತ್ತಬೇಡಿ. ಮಕ್ಕಳಿಗೆ ಇದನ್ನು ಗಾಡಿಯಲ್ಲೇ ಹೇಳಿಟ್ಟಿರಿ.

4. ಸಂಜೆ ಸಮ್‌ನಲ್ಲಿ ನೀವು ಹತ್ತುವ ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಕೂರುವಾಗ ಮೊದಲು ಮುಂಗಾಲು ಮಡಿಸುತ್ತದೆ. ಎರಡು ಸಲವೂ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ. ಹಾಗಾಗಿ ಎರಡು ಸಲವೂ ತಡಿಯನ್ನು ಗಟ್ಟಿಯಾಗಿ ಹಿಡಿದು ಹಿಂದಕ್ಕೆ ವಾಲಿ. ಸೊಂಟ, ಮಂಡಿ ನೋವಿರುವ ಹಿರಿಯರಿಗೆ ಒಂಟೆಗಾಡಿ ಇದೆ, ಸಂಕೋಚ ಬೇಡ.

5. ದಿಬ್ಬವನ್ನು ಗಾಳಿ ಬೀಸಿ ಬರುವ ಬದಿಯಿಂದ ಹತ್ತಿ. ಆ ಬದಿಯ ಇಳಿಜಾರು ಕಡಿಮೆ, ಮರಳೂ ಗಟ್ಟಿ. ಮೇಲೆ ಸಣ್ಣಸಣ್ಣ ಅಲೆಗಳ ಗೆರೆ ಮೂಡಿರುತ್ತದೆ. ಆಚೆ ಬದಿ ಕಡಿದಾಗಿ ಸಡಿಲವಾಗಿರುತ್ತದೆ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ. ಜೀಪುಗಳ ಗದ್ದಲದಿಂದ ಸ್ವಲ್ಪ ದೂರ ನಡೆಯಿರಿ. ಅಲ್ಲಿ ಕ್ಯಾಮೆರಾದ ಲೆನ್ಸ್ ಬಿಚ್ಚುವುದು ಮಾತ್ರ ಬೇಡ, ಮರಳು ಒಳಗೆ ಸೇರುತ್ತದೆ.

6. ಡಿಸೆಂಬರ್, ಜನವರಿಯಲ್ಲಿ ಹೊತ್ತು ಮುಳುಗಿದ ಕೂಡಲೇ ಮರಳು ತಣ್ಣಗಾಗಿ ಚಳಿ ಹಿಡಿಯುತ್ತದೆ. ಸ್ವೆಟರ್ ಹೋಟೆಲಿನಲ್ಲಿದ್ದರೆ ಉಪಯೋಗವಿಲ್ಲ.

7. ರಾತ್ರಿ ದಿಬ್ಬಗಳ ಬಳಿಯ ಬಿಡಾರದಲ್ಲಿ ಮಾಂಗಣಿಯಾರರು ಹಾಡಿದರೆ ಊಟದ ತಟ್ಟೆ ಬದಿಗಿಟ್ಟು ಕೇಳಿ. ಅವರು ವಂಶಪಾರಂಪರ್ಯವಾಗಿ ಹಾಡುವವರು. ಕಮಾನಿನಿಂದ ನುಡಿಸುವ ಕಮಾಯಿಚಾ ವಾದ್ಯವನ್ನು ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ. ಸಿನಿಮಾ ಹಾಡು ಕೇಳಬೇಡಿ, ಅವರ ಹಾಡನ್ನೇ ಹಾಡಿ ಎನ್ನಿ. ಬಿಡಾರದ ಬಿಲ್ಲಿನಲ್ಲಿ ಎಲ್ಲ ಸೇರಿದೆ ಎಂದುಕೊಳ್ಳದೆ, ಕೊಡುವುದನ್ನು ಹಾಡಿದವರ ಕೈಗೇ ಕೊಡಿ.