ಅಲ್ಯೂಮಿನಿಯಂ ತಡವಾಗಿ ಗಟ್ಟಿಯಾಗುವುದು ಹೇಗೆ?

ಶುದ್ಧ ಅಲ್ಯೂಮಿನಿಯಂ ಬಹಳ ಮೆತ್ತನೆಯ ಲೋಹ. ತಟ್ಟೆ ಕೈಜಾರಿ ಬಿದ್ದರೆ ಸಾಕು, ತಗ್ಗು ಬೀಳುತ್ತದೆ. ಆದರೆ ವಿಮಾನಕ್ಕೂ ಅಲ್ಯೂಮಿನಿಯಂ ಬಳಸುತ್ತಾರೆಂದು ಓದಿದ್ದೇವೆ. ತಟ್ಟೆಗೇ ತಗ್ಗು ಬೀಳುವ ಲೋಹ ನೂರಾರು ಜನರನ್ನು ಹೊತ್ತು ಹಾರುವುದು ಹೇಗೆ?

ಇದಕ್ಕೆ ಉತ್ತರ ಜರ್ಮನಿಯಲ್ಲಿ ಸಿಕ್ಕಿತು. ಬರ್ಲಿನ್ ಹತ್ತಿರ ಆಲ್ಫ್ರೆಡ್ ವಿಲ್ಮ್ ಎಂಬ ವಿಜ್ಞಾನಿ ಇದ್ದರು. ಕುಲುಮೆಯಲ್ಲಿ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನೀವೆಲ್ಲಾ ನೋಡಿದ್ದೀರಿ. ಚೊಂಯ್ ಅನ್ನುವುದರೊಳಗೆ ಉಕ್ಕು ಗಡಸಾಗುತ್ತದೆ. ವಿಲ್ಮ್ ಅವರು ತಾಮ್ರ ಮತ್ತು ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂಗೂ ಹಾಗೇ ಮಾಡಿದರು. ಅದು ಮೆತ್ತಗೇ ಇತ್ತು! 1906ರಲ್ಲಿ ಒಂದು ಶನಿವಾರ ಅಳತೆ ಅರ್ಧಕ್ಕೆ ನಿಂತು, ಸೋಮವಾರ ಮತ್ತೆ ಅಳೆದಾಗ ಅದೇ ತುಂಡು ಬಹಳ ಗಟ್ಟಿಯಾಗಿತ್ತಂತೆ. ನಡುವೆ ಯಾರೂ ಅದನ್ನು ಮುಟ್ಟಿರಲಿಲ್ಲ. 1909ರಲ್ಲಿ ಡ್ಯೂರೆನ್ ಎಂಬ ಊರಿನ ಕಾರ್ಖಾನೆ ಇದನ್ನು ತಯಾರಿಸತೊಡಗಿತು. ಅದೇ ಡ್ಯೂರಾಲುಮಿನ್. ಅದರಲ್ಲಿ ತಾಮ್ರ ಸುಮಾರು ಶೇ. 4, ಮೆಗ್ನೀಸಿಯಂ ಸುಮಾರು ಶೇ. ಅರ್ಧ.

ಯಾಕೆ ಹೀಗಾಯ್ತು ಎಂಬುದು ಆಗ ವಿಲ್ಮ್ ಅವರಿಗೂ ತಿಳಿಯಲಿಲ್ಲ. ಸಕ್ಕರೆ ಪಾಕದಿಂದ ಇದನ್ನು ತಿಳಿಯಬಹುದು. ಕುದಿಯುವ ನೀರಿನಲ್ಲಿ ಬಹಳ ಸಕ್ಕರೆ ಕರಗುತ್ತದೆ, ಆರಿದ ಮೇಲೆ ಹೆಚ್ಚಾದದ್ದು ಹರಳಾಗಿ ಹೊರಬರುತ್ತದೆ. (ನಾನು ಮಾಡಿ ನೋಡಿದೆ. ಸಕ್ಕರೆ ಖಾಲಿ ಮಾಡಿದೆ ಅಂತ ಅವ್ವ ಬೈದಳು.) ಘನ ಲೋಹದಲ್ಲೂ ಹೀಗೇ. ಸುಮಾರು 548 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ಮಿಶ್ರಲೋಹದಲ್ಲಿ ಐದೂವರೆ ಗ್ರಾಂಗಿಂತ ಹೆಚ್ಚು ತಾಮ್ರ ಕರಗಿರಬಲ್ಲದು. ಲೋಹ ಇನ್ನೂ ಕರಗಿ ನೀರಾಗಿರುವುದಿಲ್ಲ, ಗಟ್ಟಿಯಾಗಿಯೇ ಇರುತ್ತದೆ. ತಣ್ಣಗಾದ ಮೇಲೆ ಅರ್ಧ ಗ್ರಾಂ ಕೂಡ ಹಿಡಿಸುವುದಿಲ್ಲ. ಆದರೆ ತಟಕ್ಕನೆ ನೀರಿಗೆ ಅದ್ದಿದರೆ ತಾಮ್ರಕ್ಕೆ ಹೊರಬರಲು ಸಮಯವೇ ಸಿಗದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ಅದರ ಪರಮಾಣುಗಳು ಮೆಲ್ಲಗೆ ಸರಿದು ಅಲ್ಲಲ್ಲಿ ಗುಂಪಾಗುತ್ತವೆ. ಗಟ್ಟಿ ಲೋಹದೊಳಗೆ ಸರಿಯಲು ಜಾಗ ಎಲ್ಲಿದೆ ಎಂದು ನನಗೆ ಸಂಶಯ ಬಂತು. ಕಾಯಿಸಿದಾಗ ಪರಮಾಣುಗಳ ಸಾಲಿನಲ್ಲಿ ಖಾಲಿ ಜಾಗಗಳಾಗುತ್ತವೆ, ನೀರಿಗೆ ಅದ್ದಿದಾಗ ಅವೂ ಒಳಗೇ ಉಳಿಯುತ್ತವೆ. ಪಕ್ಕದ ಪರಮಾಣು ಅಲ್ಲಿಗೆ ಜಿಗಿಯುತ್ತದೆ.

ಗುಂಪಾದರೆ ಗಟ್ಟಿ ಯಾಕೆ? ದೊಡ್ಡ ಜಮಖಾನವನ್ನು ಒಟ್ಟಿಗೇ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನು ತಳ್ಳಿಕೊಂಡು ಹೋದರೆ ಸುಲಭವಾಗಿ ಸರಿಯುತ್ತೆ. ಲೋಹ ಬಗ್ಗುವಾಗಲೂ ಪರಮಾಣುಗಳ ಸಾಲಿನಲ್ಲಿ ಇಂಥ ಮಡಿಕೆಗಳು ಓಡುತ್ತವೆ. ಜಮಖಾನದ ಮೇಲೆ ಕಲ್ಲು ಹರಡಿದರೆ ಮಡಿಕೆ ಮುಂದೆ ಹೋಗುವುದಿಲ್ಲ. ತಾಮ್ರದ ಗುಂಪುಗಳೇ ಆ ಕಲ್ಲುಗಳು. ಅವುಗಳ ಅಗಲ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. 1938ರಲ್ಲಿ ಫ್ರಾನ್ಸಿನ ಗಿನಿಯೇ, ಇಂಗ್ಲೆಂಡಿನ ಪ್ರೆಸ್ಟನ್ ಬೇರೆ ಬೇರೆಯಾಗಿ ಎಕ್ಸ್-ಕಿರಣಗಳಿಂದ ಇವನ್ನು ಪತ್ತೆಮಾಡಿದರು.

ಎಲ್ಲಾ ಬೆರಕೆಯೂ ಹೀಗೆ ಕೆಲಸ ಮಾಡುವುದಿಲ್ಲ. ಮ್ಯಾಂಗನೀಸ್ ಮಾತ್ರ ಬೆರೆಸಿದರೆ ಕಾಯಿಸಿ ಅದ್ದಿ ಈ ಗಡಸುತನ ಬರಿಸಲಾಗದು. ಮೆಗ್ನೀಸಿಯಂ ಮತ್ತು ಸಿಲಿಕಾನ್ ಜೊತೆಯಾದರೆ ಬೇರೆ ರೀತಿಯ ಕಣಗಳಾಗುತ್ತವೆ. ಕಿಟಕಿ ಚೌಕಟ್ಟು, ಏಣಿಗಳಿಗೆ ಇದು ಒಳ್ಳೆಯದು, ಬೇಗ ಸವೆಯುವುದಿಲ್ಲ. ಸತು ಮತ್ತು ಮೆಗ್ನೀಸಿಯಂ ಸೇರಿದರೆ ಎಲ್ಲಕ್ಕಿಂತ ಬಲ: ಶುದ್ಧ ಅಲ್ಯೂಮಿನಿಯಂನ ಸುಮಾರು ಆರು ಪಟ್ಟು! ತಾಮ್ರದಿಂದ ಬಲ ಬರುತ್ತದೆ, ಆದರೆ ಗಾಳಿ, ನೀರು ಬೇಗ ತಿನ್ನುತ್ತವೆ. ಅದಕ್ಕೇ ವಿಮಾನದ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹೊದಿಸುತ್ತಾರೆ. ಲಿಥಿಯಂ ಹಾಕಿದರೆ ಗಟ್ಟಿಯೂ ಆಗುತ್ತದೆ, ಹಗುರವೂ ಆಗುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದಲ್ಲಿ ಇದೂ ಇದೆ.

ಹೆಚ್ಚು ಕಾಯಿಸಿದರೆ ಮಾತ್ರ ಕೆಲಸ ಕೆಡುತ್ತದೆ. ಸಣ್ಣ ಕಣಗಳು ಕರಗಿ ಕೆಲವೇ ದೊಡ್ಡ ಕಣಗಳಾಗುತ್ತವೆ, ಮಡಿಕೆ ಅವುಗಳ ನಡುವೆ ನುಸುಳಿಬಿಡುತ್ತದೆ. ಸುಣ್ಣ ಹೊಡೆಯುವ ಅಲ್ಯೂಮಿನಿಯಂ ಏಣಿ ಮುರಿದರೆ ನಮ್ಮಲ್ಲಿ ಕೆಲವರು ವೆಲ್ಡಿಂಗ್ ಮಾಡಿಸುತ್ತಾರೆ. ಬೆಸುಗೆ ಚೆನ್ನಾಗಿದ್ದರೂ ಅದರ ಪಕ್ಕದ ಜಾಗ ಕಾದು ಮೆತ್ತಗಾಗಿರುತ್ತದೆ. ನೋಡಿದರೆ ಏನೂ ಕಾಣುವುದಿಲ್ಲ, ಆದರೆ ಮೇಲೆ ನಿಂತವರ ಭಾರಕ್ಕೆ ಅಲ್ಲೇ ಬಗ್ಗಬಹುದು. ವೆಲ್ಡಿಂಗ್ ಮಾಡುವ ಅಣ್ಣಂದಿರೂ ಇದನ್ನು ಓದಬೇಕು.

ಇನ್ನೊಂದು ಮಜಾ ಇದೆ. ವಿಮಾನಕ್ಕೆ ಹೊಡೆಯುವ ಕೆಲವು ರಿವೆಟ್ಟುಗಳನ್ನು ಕಾಯಿಸಿ ಅದ್ದಿದ ಕೂಡಲೇ ಫ್ರೀಜರಿನಲ್ಲಿ ಇಡುತ್ತಾರೆ. ಚಳಿಗೆ ಪರಮಾಣುಗಳು ಸರಿಯುವುದು ಬಹಳ ನಿಧಾನ, ರಿವೆಟ್ ಮೆತ್ತಗೇ ಉಳಿಯುತ್ತದೆ. ಹೊರತೆಗೆದ ಸ್ವಲ್ಪ ಹೊತ್ತಿನಲ್ಲೇ ಬಡಿದು ಮುಗಿಸಬೇಕು. ಆಮೇಲೆ ಅದು ವಿಮಾನದಲ್ಲಿ ಕೂತುಕೊಂಡೇ ತಾನಾಗಿ ಗಟ್ಟಿಯಾಗುತ್ತದೆ.