ಅಲ್ಪ ವೆಚ್ಚದ ಗಣಕಯಂತ್ರ: ಭಾಗಗಳನ್ನು ಆರಿಸುವ ಬಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಮಳೆಯನ್ನು ನೆಚ್ಚಲಾಗದ ಈ ಸೀಮೆಯಲ್ಲಿ ಕಡಲೆಕಾಯಿಯ ಬೆಳೆ ಕೈಗೆ ಹತ್ತಿದ ವರ್ಷವೇ ಮನೆಗೆ ದೊಡ್ಡ ಪದಾರ್ಥವೊಂದು ಬರುವ ವರ್ಷ. ಅಂತಹ ಮನೆಯ ಮಗನಾಗಲಿ ಮಗಳಾಗಲಿ, ಪ್ರೋಗ್ರಾಂ ಬರೆದು ಕಲಿಯುವುದಕ್ಕೂ ಬಿಡುವಿನ ವೇಳೆಯಲ್ಲಿ ಆಟವಾಡುವುದಕ್ಕೂ ಒದಗುವ ಗಣಕಯಂತ್ರವೊಂದನ್ನು ಬಯಸುವುದು ಸಹಜವೇ ಸರಿ. ಆದರೆ ಆ ಹಣ ಎರಡನೆಯ ಬಾರಿ ಸುಲಭವಾಗಿ ಒದಗುವುದಿಲ್ಲ. ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯೆಂದೇ ಹೆಸರಾದ ಸಾದರ ಪತ್ರಪ್ಪ ರಸ್ತೆಯಿಂದ ತಂದ ಭಾಗವೊಂದು ಮತ್ತೊಂದಕ್ಕೆ ಹೊಂದದೆ ಹೋದರೆ, ಪಾವಗಡದವರಿಗೆ ಮತ್ತೆ ಒಂದು ದಿನದ ಪ್ರಯಾಣ, ಮತ್ತೆ ಖರ್ಚು. ಆದುದರಿಂದ ಕೊಳ್ಳುವುದಕ್ಕೆ ಮುಂಚೆಯೇ ಲೆಕ್ಕ ಹಾಕುವುದನ್ನು ನಾವು ಕಲಿಯಬೇಕು.

ಬೆಲೆಗಳನ್ನು ನಾವಿಲ್ಲಿ ಕೊಡುವುದಿಲ್ಲ. ಅವು ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ; 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್‌ನ ಬೆಲೆ ಜಗತ್ತಿನಾದ್ಯಂತ ಬಹಳವಾಗಿ ಏರಿದುದೇ ಇದಕ್ಕೆ ನಿದರ್ಶನ. ಬೆಲೆ ಬದಲಾದರೂ ಬದಲಾಗದ ತತ್ತ್ವಗಳನ್ನು ಮಾತ್ರ ವಿವೇಚಿಸೋಣ.

ತಡೆಯುವ ಭಾಗ ಯಾವುದು?

ಕೊಳವೆ ಬಾವಿಗೆ ಮೊದಲಿದ್ದುದಕ್ಕಿಂತ ಎರಡು ಪಟ್ಟು ಶಕ್ತಿಯ ಪಂಪನ್ನು ಇಳಿಸಿ, ಹೊಲಕ್ಕೆ ನೀರೊಯ್ಯುವ ಪೈಪನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡರೆ ಹೊಲಕ್ಕೆ ನೀರು ಇಮ್ಮಡಿಯಾಗಿ ಬಂದೀತೆ? ಬಾರದು. ಗಣಕಯಂತ್ರದಲ್ಲಿಯೂ ಹೀಗೆಯೇ. ಒಂದು ಕೆಲಸಕ್ಕೆ 60 ಸೆಕೆಂಡು ಹಿಡಿಯುತ್ತದೆ ಎನ್ನೋಣ. ಅದರಲ್ಲಿ 20 ಸೆಕೆಂಡು ಪ್ರೊಸೆಸರಿನ ಗಣನೆಗೆ, ಉಳಿದ 40 ಸೆಕೆಂಡು ಡಿಸ್ಕಿನಿಂದ ಮಾಹಿತಿಯನ್ನು ಓದುವುದಕ್ಕೆ ಸಲ್ಲುತ್ತದೆ. ಹೆಚ್ಚು ಹಣ ತೆತ್ತು ಎರಡು ಪಟ್ಟು ವೇಗದ ಪ್ರೊಸೆಸರನ್ನು ಕೂಡಿಸಿದೆವಾದರೆ ಕಾಲವು 10 ಮತ್ತು 40 ಸೇರಿ 50 ಸೆಕೆಂಡಿಗೆ ಇಳಿಯುತ್ತದೆ. ಬದಲಾಗಿ ಹತ್ತು ಪಟ್ಟು ವೇಗದ ಡಿಸ್ಕನ್ನು ಕೂಡಿಸಿದರೆ 20 ಮತ್ತು 4 ಸೇರಿ 24 ಸೆಕೆಂಡು ಸಾಕು. ಯಾವ ಭಾಗವನ್ನು ಸುಧಾರಿಸಲಿಲ್ಲವೋ ಅದೇ ಇಡೀ ಯಂತ್ರದ ವೇಗಕ್ಕೆ ಎಲ್ಲೆಯಾಗುತ್ತದೆಂಬ ಈ ವಿಚಾರಕ್ಕೆ ಆಮ್ಡಾಲನ ನಿಯಮವೆಂದು ಹೆಸರು. ಜೀನ್ ಆಮ್ಡಾಲ್ ಎಂಬ ಅಮೆರಿಕದ ತಜ್ಞನು 1967ರಲ್ಲಿ ಇದನ್ನು ಮಂಡಿಸಿದನು. ನಮ್ಮ ಆಯ್ಕೆಗೆಲ್ಲ ಇದೇ ದಾರಿದೀಪ.

ಒಂದು ಅಕ್ಷರದ ಬೆಲೆ

ಸಿ ಅಥವಾ ಪೈಥಾನ್ ಭಾಷೆಯಲ್ಲಿ ವಿದ್ಯಾರ್ಥಿಗಳು ಬರೆಯುವ ಪ್ರೋಗ್ರಾಂಗಳು ಪ್ರೊಸೆಸರಿಗೆ ಭಾರವಾದವುಗಳಲ್ಲ. ಭಾರವಿರುವುದು ಆಟದಲ್ಲಿ. ಪರದೆಯ ಮೇಲೆ ಅಡ್ಡಕ್ಕೆ 1,920, ಉದ್ದಕ್ಕೆ 1,080 ಪಿಕ್ಸೆಲ್‌ಗಳು. ಅಂದರೆ ಒಟ್ಟು 20,73,600 ಬಿಂದುಗಳು. ಚಿತ್ರವು ಸೆಕೆಂಡಿಗೆ 60 ಬಾರಿ ಹೊಸದಾಗಬೇಕಾದರೆ ಯಂತ್ರವು ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕ ಬಿಂದುಗಳ ಬಣ್ಣವನ್ನು ನಿರ್ಧರಿಸಬೇಕು. ಇದಕ್ಕಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ಕೊಂಡರೆ ಹಣದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಅಲ್ಪ ವೆಚ್ಚದವರಿಗೆ ಬೇರೊಂದು ಮಾರ್ಗವುಂಟು: ಚಿತ್ರ ಬಿಡಿಸುವ ಶಕ್ತಿಯನ್ನು ತನ್ನೊಳಗೇ ಪಡೆದಿರುವ ಪ್ರೊಸೆಸರ್. 2021ರಲ್ಲಿ ಬಂದ ಎ.ಎಂ.ಡಿ. ಸಂಸ್ಥೆಯ ರೈಜೆನ್ 5 5600ಜಿ, 2024ರಲ್ಲಿ ಬಂದ 8600ಜಿ ಈ ಬಗೆಯವು. ಎರಡರಲ್ಲಿಯೂ ಆರು ಕೋರ್‌ಗಳಿವೆ. ಎರಡನೆಯದರ ಚಿತ್ರಶಕ್ತಿ ಹೆಚ್ಚು. ಕೊನೆಯ ‘ಜಿ’ ಅಕ್ಷರವನ್ನು ಗಮನಿಸದೆ ಬರಿಯ 5600 ತಂದರೆ ಅದರೊಳಗೆ ಚಿತ್ರಶಕ್ತಿಯಿಲ್ಲ. ಕಾರ್ಡು ಇಲ್ಲದೆ ಪರದೆ ಬೆಳಗುವುದಿಲ್ಲ. ಇಂಟೆಲ್ ಸಂಸ್ಥೆಯ ಕೋರ್ ಐ3 12100ಎಫ್ ಎಂಬಲ್ಲಿ ‘ಎಫ್’ ಅಕ್ಷರದ ಅರ್ಥವೂ ಇದೇ. ಮದರ್‌ಬೋರ್ಡನ್ನು ಕೊಳ್ಳುವಾಗಲೂ ಇಂತಹುದೇ ಎಚ್ಚರ ಬೇಕು: 5600ಜಿ ಕೂರುವುದು ಎ.ಎಂ.4 ಎಂಬ ಪೀಠದಲ್ಲಿ, 8600ಜಿ ಕೂರುವುದು ಎ.ಎಂ.5ರಲ್ಲಿ. ಒಂದರ ಪೀಠ ಮತ್ತೊಂದಕ್ಕೆ ಸಲ್ಲದು.

ಒಂದಲ್ಲ, ಎರಡು

ಇಂತಹ ಪ್ರೊಸೆಸರ್ ತನ್ನ ಚಿತ್ರಕಾರ್ಯಕ್ಕೂ ಸಾಮಾನ್ಯ ರ‍್ಯಾಮನ್ನೇ ಬಳಸುತ್ತದೆ. ಡಿ.ಡಿ.ಆರ್.4 3200 ಎಂಬ ರ‍್ಯಾಮ್ ಸೆಕೆಂಡಿಗೆ 3,200 ದಶಲಕ್ಷ ಬಾರಿ, ಬಾರಿಗೆ 8 ಬೈಟ್‌ನಂತೆ ಮಾಹಿತಿಯನ್ನು ಸಾಗಿಸಬಲ್ಲುದು. ಗುಣಿಸಿದರೆ ಸೆಕೆಂಡಿಗೆ 25.6 ಗಿಗಾಬೈಟ್. ಎರಡು ಫಲಕಗಳನ್ನು ಬೋರ್ಡಿನ ಕೈಪಿಡಿಯು ತೋರಿಸುವ ಸ್ಥಾನಗಳಲ್ಲಿ ಕೂಡಿಸಿದರೆ ದಾರಿಗಳು ಎರಡಾಗಿ 51.2 ಗಿಗಾಬೈಟ್ ಆಗುತ್ತದೆ. ಆದುದರಿಂದ 16 ಗಿಗಾಬೈಟ್‌ನ ಒಂದೇ ಫಲಕಕ್ಕಿಂತ 8 ಗಿಗಾಬೈಟ್‌ನ ಎರಡು ಫಲಕಗಳು ಮೇಲು. ಒಟ್ಟು ಪ್ರಮಾಣ ಅಷ್ಟೇ ಆದರೂ ಆಟದಲ್ಲಿ ವ್ಯತ್ಯಾಸವು ಕಣ್ಣಿಗೆ ಕಾಣುವಷ್ಟಿರುತ್ತದೆ.

ಸಂಗ್ರಹಕ್ಕೆ ಹಾರ್ಡ್ ಡಿಸ್ಕೋ ಎಸ್.ಎಸ್.ಡಿ.ಯೋ? ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕು ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡು ಕಾಯಬೇಕು. ಅಲ್ಲಲ್ಲಿ ಚದುರಿದ 5,000 ತುಣುಕುಗಳನ್ನು ಒಂದೊಂದಾಗಿ ಓದಬೇಕಾದರೆ ಈ ಕಾಯುವಿಕೆಯೇ 21 ಸೆಕೆಂಡು! ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ, ತುಣುಕಿಗೆ 0.1 ಮಿಲಿಸೆಕೆಂಡಿನಂತೆ ಎಣಿಸಿದರೂ ಅರ್ಧ ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಮೊದಲು ಎಸ್.ಎಸ್.ಡಿ.ಯನ್ನೇ ಕೊಳ್ಳತಕ್ಕದ್ದು. ಇಂದಿನ ದೊಡ್ಡ ಆಟಗಳಲ್ಲಿ ಕೆಲವು ಒಂದೊಂದೂ 100 ಗಿಗಾಬೈಟ್ ಮೀರುವುದರಿಂದ 500 ಗಿಗಾಬೈಟ್‌ಗೆ ಕಡಿಮೆಯಾದುದು ಬೇಡ.

ಬಿಸಿಲು, ಧೂಳು, ವಿದ್ಯುತ್ತು

ಇನ್ನು ನಮ್ಮ ಸೀಮೆಯ ವಿಶೇಷಕ್ಕೆ ಬರೋಣ. ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ನೆಲದ ಮೇಲೆ ಹರಡಿರುವ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವು 2019ರಲ್ಲಿ ಪೂರ್ಣಗೊಂಡಿತು. ಅದಕ್ಕೆ ವರವಾದ ಬಿಸಿಲೇ ನಮ್ಮ ಯಂತ್ರಕ್ಕೆ ವೈರಿ. ಕೆಲಸದ ಭರದಲ್ಲಿರುವ ಪ್ರೊಸೆಸರ್ ಕೋಣೆಗಿಂತ 45 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎನ್ನೋಣ. ಕೋಣೆಯ ಉಷ್ಣತೆ 25 ಡಿಗ್ರಿಯಾದರೆ ಅದು 70. ಏಪ್ರಿಲ್ ತಿಂಗಳ ಮಧ್ಯಾಹ್ನ 38 ಆದರೆ 83. ಗಾಳಿಯ ದಾರಿಯನ್ನು ಧೂಳು ಮುಚ್ಚಿತೆಂದರೆ ಉಷ್ಣತೆ ಇನ್ನೂ ಏರಿ, ಪ್ರೊಸೆಸರ್ ತನ್ನನ್ನು ತಾನೇ ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹಣ ಕೊಟ್ಟು ಕೊಂಡ ವೇಗ ಹೀಗೆ ಮಣ್ಣುಪಾಲು! ಆದುದರಿಂದ ಬಣ್ಣದ ದೀಪ, ಗಾಜಿನ ಬಾಗಿಲುಗಳ ಕ್ಯಾಬಿನೆಟ್ಟಿಗಿಂತ ಮುಂದುಗಡೆ ಜಾಲರಿಯಿದ್ದು ಎರಡು ಫ್ಯಾನುಗಳಿರುವ ಸರಳವಾದುದೇ ಲೇಸು. ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತೆಗೆದು ಮೃದುವಾದ ಕುಂಚದಿಂದ ಧೂಳನ್ನು ತೆಗೆಯುವುದು ಒಳ್ಳೆಯದು.

ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೆಟ್ಟಿಗೆಯು ಆಟದ ವೇಗವನ್ನು ಹೆಚ್ಚಿಸುವುದಿಲ್ಲವಾಗಿ ಬಹುಮಂದಿ ಉಳಿತಾಯಕ್ಕೆ ಕೈಹಾಕುವುದು ಇದರ ಮೇಲೆಯೇ. ಇದು ದೊಡ್ಡ ತಪ್ಪು. ಕೆಟ್ಟ ಪೆಟ್ಟಿಗೆಯು ಕೆಡುವಾಗ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕೆಡಿಸಬಹುದು. ‘80 ಪ್ಲಸ್’ ಎಂಬ ಪ್ರಮಾಣಚಿಹ್ನೆಯುಳ್ಳದ್ದನ್ನು ಆರಿಸಬೇಕು. ದಕ್ಷತೆ ಶೇಕಡ 80 ಎಂದಾದರೆ, 200 ವ್ಯಾಟ್ ಒದಗಿಸಲು ಅದು ಗೋಡೆಯಿಂದ 250 ವ್ಯಾಟ್ ಎಳೆಯುತ್ತದೆ. ಉಳಿದ 50 ವ್ಯಾಟ್ ಶಾಖವಾಗುತ್ತದೆ. ದಕ್ಷತೆ ತಗ್ಗಿದಷ್ಟೂ ಕರೆಂಟಿನ ಬಿಲ್ಲೂ ಶಾಖವೂ ಏರುತ್ತವೆ. ಕರೆಂಟು ಹೇಳದೆ ಹೋಗುವ ಊರುಗಳಲ್ಲಿ ಯು.ಪಿ.ಎಸ್. ಅಲಂಕಾರವಲ್ಲ, ಅಗತ್ಯ. ಶಕ್ತಿಗುಣಕ 0.6 ಆಗಿರುವ 600 ವೋಲ್ಟ್-ಆಂಪಿಯರ್‌ನ ಯು.ಪಿ.ಎಸ್. 360 ವ್ಯಾಟ್‌ನವರೆಗೆ ಹೊರಬಲ್ಲುದು. ಕಾರ್ಡಿಲ್ಲದ ನಮ್ಮ ಯಂತ್ರಕ್ಕೆ ಇಷ್ಟು ಸಾಕು. ಬರೆದ ಪ್ರೋಗ್ರಾಂ ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಕೆಲವು ನಿಮಿಷಗಳ ಅವಕಾಶ ದೊರೆತರೆ ಅದರ ಬೆಲೆ ಸಂದಂತೆಯೇ. ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಸರಿಯಾಗಿದೆಯೇ ಎಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಇಂದು, ನಾಳೆ

ಗ್ರಾಫಿಕ್ಸ್ ಕಾರ್ಡನ್ನು ನಾಳೆ ಸೇರಿಸಬಹುದು. ಎರಡನೆಯ ಡಿಸ್ಕನ್ನೂ ಸೇರಿಸಬಹುದು. ಬೋರ್ಡು ಮತ್ತು ಎಸ್.ಎಂ.ಪಿ.ಎಸ್.ಗಳನ್ನು ಬದಲಿಸುವುದಾದರೋ ಯಂತ್ರವನ್ನೇ ಬಿಚ್ಚಬೇಕು. ಆದುದರಿಂದ ಮುಂದೆ ಸೇರಿಸಬಹುದಾದವುಗಳಲ್ಲಿ ಇಂದು ಮಿತವ್ಯಯ ಮಾಡಿ, ಬದಲಿಸಲು ಕಷ್ಟವಾದವುಗಳಲ್ಲಿ ಒಳ್ಳೆಯದನ್ನೇ ಆರಿಸುವುದು ಜಾಣತನ. ವಾರಂಟಿಯುಳ್ಳ ಬಿಲ್ಲುಗಳನ್ನು ಜೋಪಾನವಾಗಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಅಂಗಡಿಯವರು ಪಟ್ಟಿಯನ್ನು ಬರೆದುಕೊಟ್ಟೊಡನೆ ಹಣ ಎಣಿಸದೆ, ಅದನ್ನು ಮನೆಗೆ ತಂದು ಪ್ರತಿಯೊಂದು ಸಾಲಿನೆದುರಿಗೂ ಎರಡು ಪ್ರಶ್ನೆಗಳನ್ನು ಬರೆದು ನೋಡಬೇಕು: ಈ ಭಾಗ ಯಾವುದಕ್ಕಾಗಿ ಕಾಯುತ್ತದೆ? ಇದಕ್ಕಾಗಿ ಯಾವುದು ಕಾಯುತ್ತದೆ? ಎರಡಕ್ಕೂ ಉತ್ತರ ಹೇಳಬಲ್ಲ ವಿದ್ಯಾರ್ಥಿಯು, ಹೆತ್ತವರು ಬೆಳೆಯ ಹಣವನ್ನು ಕೈಯಲ್ಲಿಟ್ಟಾಗ, ಅದು ಎಲ್ಲಿ ಏತಕ್ಕಾಗಿ ವ್ಯಯವಾಗುತ್ತದೆಂಬುದನ್ನು ಅವರಿಗೆ ಧೈರ್ಯವಾಗಿ ವಿವರಿಸಬಲ್ಲನು.